ಐದು ಮೀಟರು

ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ ಇಟ್ಟೆ.
ಮೊಬೈಲಿನೊಳಗೆ ಜವಳಗೇರಾದ ಹೊಲ
ರಂಗೋಲಿಗೆ ಮುಂಚಿನ ಅಂಗಳ.
ದಾರಿಯನ್ನು ಅದೇ ಎಳೆದುಕೊಂಡಿತು:
ಹೋಗಿ, ಬದು ಮುಟ್ಟಿ, ತಿರುಗಿ, ಮತ್ತೆ ಬಂದು.

ಬ್ಯಾಟರಿ ಹೊತ್ತು ನಿಂತ ಯಂಕೋಬ ಕಾಕಾ ಬಗ್ಗಿ ನೋಡಿದ.
'ಇದೇನ್ ಹೊಸಾದು ಖಾಸಿಂಬಿ? ಎತ್ತೂ ಹಿಂಗ ತಿರುಗತಿದ್ವು.'
ನಲವತ್ತು ವರ್ಷ ಕುಂಟೆ ಹಿಡಿದ ಕೈ.
ಸಾಲಿನ ಕೊನೆಗೆ 'ಹೊಳ್ಳು' ಅಂದರೆ ಸಾಕಿತ್ತಂತೆ.
ನಾನು ಅದನ್ನೇ ಹದಿನೈದು ದಿನ
ಪ್ರೊಜೆಕ್ಟರಿನ ಮುಂದೆ ಕುಳಿತು ಕಲಿತೆ.

ಎದ್ದಿತು.
ಆರು ರೆಕ್ಕೆ, ಹತ್ತು ಲೀಟರು, ಭತ್ತದ ಮೇಲೆ ಎರಡಾಳೆತ್ತರ.
ನಿಂತಂತೆ ಕಾಣುತ್ತದೆ; ನಿಂತಿಲ್ಲ.
ಪಡುವಣ ಗಾಳಿ ನೂಕುತ್ತದೆ, ಇದು ವಾಲುತ್ತದೆ,
ಹೆಚ್ಚು ವಾಲಿದೆನೆಂದು ಇತ್ತ ಬರುತ್ತದೆ,
ಸೆಕೆಂಡಿಗೆ ನಾನೂರು ಸಲ
ಬೀಳುವುದನ್ನು ಮುಂದಕ್ಕೆ ಹಾಕುತ್ತದೆ.
ತಲೆಯ ಮೇಲೆ ಎರಡು ಕೊಡ, ಕಂಕುಳಲ್ಲೊಂದು,
ಕಾಲುವೆಯ ಏರಿ ಹತ್ತುವಾಗ
ನನ್ನ ಸೊಂಟ ಇದೇ ಲೆಕ್ಕ ಮಾಡುತ್ತಿತ್ತು.
ಸರ್ಟಿಫಿಕೇಟು ಯಾರೂ ಕೊಡಲಿಲ್ಲ.

ಆರನೆಯ ಸಾಲಿಗೆ ಕಾಕಾ ನನ್ನ ಮೊಣಕೈ ಮುಟ್ಟಿದ.
'ಆ ಜಾಗ ಬಿಡವ್ವ. ಅಲ್ಲಿ ಕೆಂದ ಮಲಗ್ಯಾನ.'
ಹೊಲ ಇನ್ನೂ ಜೋಳ ಬೆಳೆಯುತ್ತಿದ್ದಾಗಿನ ಎತ್ತು.
ಕಲ್ಲಿಲ್ಲ, ದಿಬ್ಬವಿಲ್ಲ, ಅಲ್ಲೂ ಇದೇ ಭತ್ತ,
ಉಪಗ್ರಹಕ್ಕೆ ಕಂಡದ್ದು ಬರೀ ಹಸಿರು.
ಗಾಳಿಯಲ್ಲೇ ನಿಲ್ಲಿಸಿ ಬೆರಳಲ್ಲಿ ವೃತ್ತ ಬರೆದೆ.
ಅಡೆತಡೆ ಯಾವುದೆಂದು ಪರದೆ ಕೇಳಿತು:
ಮರ, ಕಂಬ, ಕಟ್ಟಡ, ಇತರೆ.
ಇತರೆ ಒತ್ತಿದೆ. ಅಂತರ, ಐದು ಮೀಟರು.

ಹನ್ನೊಂದನೆಯ ಸಾಲಿನಲ್ಲಿ ನೆಟ್ಟಗೆ ಬಂತು.
ಏನೂ ಇಲ್ಲದ ಜಾಗದ ಮುಂದೆ
ಮಗ್ಗುಲು ಕೊಟ್ಟು ಬಳಸಿಕೊಂಡು ಹೋಯಿತು.
ಕಾಕಾನ ತುಟಿ ಅಲ್ಲಾಡಿತು.
ರೆಕ್ಕೆಯ ಸದ್ದಿನಲ್ಲಿ ಕೇಳಲಿಲ್ಲ;
'ಹೊಳ್ಳು' ಅಂದಿರಬೇಕು.
ಹನ್ನೆರಡರಲ್ಲೂ. ಹದಿಮೂರರಲ್ಲೂ.

ಇಪ್ಪತ್ತೆರಡು ಪರ್ಸೆಂಟಿಗೆ ವಾಪಸು ಕರೆದೆ.
ಬದುವಿನ ಮೇಲೆ ಅಮರಮ್ಮ ಕಾದಿದ್ದಳು,
ಹೊಲ ಅವಳದು, ಲೆಕ್ಕವೂ ಅವಳದು.
'ಬಿಟ್ಟಲ್ಲಿ ಜಿಗಿಹುಳ ಉಳದ್ರ?'
ಉಳಿಯುತ್ತಾವೆ, ಅಂದೆ.
ಕೈಪಂಪು ತಂದು ಅಷ್ಟು ಹೊಡೆಯಲೇನು?
ಅವಳು ಕಾಕಾನ ಕಡೆ ನೋಡಿದಳು.
ಅವನು ಖಾಲಿ ಕ್ಯಾನಿನ ಮುಚ್ಚಳ
ತಿರುವುತ್ತಲೇ ಇದ್ದ.

'ಇರಲಿ ಬಿಡು, ಅವೂ ಉಣ್ಣಲಿ' ಅಂದಳು.
ಇಪ್ಪತ್ತು ರೂಪಾಯಿ ಮಾತ್ರ
ಹಿಡಿದುಕೊಂಡೇ ಕೊಟ್ಟಳು.