ಮೂರು ಕಿಲೋ ಹೆಚ್ಚು

ಬೇಸಿಗೆಗೆ ಹೊರಟಿದ್ದೇವೆ, ಡಿಸೆಂಬರಿನಲ್ಲಿ.
ಯಾದಗಿರಿಯಲ್ಲಿ ಇದನ್ನು ಯಾರಿಗಾದರೂ ಬಿಡಿಸಿ ಹೇಳಿ ನೋಡಿ.
‘ಇಲ್ಲಿಂದು ಸಾಲವಲ್ದೇನ್ರಿ ಮೇಡಂ?’ ಎಂದ
ಹಾಲಿನಂಗಡಿಯ ಬಸಲಿಂಗ,
ಮೇ ತಿಂಗಳ ಕಾದ ಪರಸಿಯ ಮೇಲೆ
ಒದ್ದೆ ಟವೆಲ್ಲು ತಲೆಗೆ ಸುತ್ತಿಕೊಂಡು.
ಅಲ್ಲಿಯದು ಬೇರೆ, ಎಂದೆ. ರಾತ್ರಿ ನಾಲ್ಕು ಡಿಗ್ರಿ,
ಮಧ್ಯಾಹ್ನ ಮಳೆ, ಮೋಡ ಹರಿದರೆ
ಮೂಗಿನ ತೊಗಲು ಸುಲಿಯುವ ಬಿಸಿಲು.
‘ಅದಕ್ಕೂ ಬ್ಯಾಸಿಗಿ ಅಂತಾರಾ!’
ನಗುವ ಭರದಲ್ಲಿ ಚಿಲ್ಲರೆ ಎರಡು ರೂಪಾಯಿ ಹೆಚ್ಚು ಕೊಟ್ಟ.

ನಾವು ಐದು ಜನ. ಹನ್ನೊಂದು ವರ್ಷದ ಭಿಶಿ,
ಯಾರೂ ನಡುವೆ ಎತ್ತದೆ ಬ್ಯಾಂಕಿಗೆ ಹಾಕಿದ್ದು.
ಭೂಗೋಳದ ಭಾಗೀರಥಿಬಾಯಿ,
ಮೂವತ್ತೆರಡು ವರ್ಷ ಕರಿಹಲಗೆಯ ಮೇಲೆ
ದಕ್ಷಿಣ ಅಮೆರಿಕ ಬರೆದು ಅಳಿಸಿದವರು;
ಪೆರುವಿಗೂ ಬೊಲಿವಿಯಾಕ್ಕೂ ನಡುವೆ
ಉಗುರಿನಷ್ಟು ನೀಲಿ ಸೀಮೆಸುಣ್ಣ.
ಕಾಂಪೌಂಡರ್ ಸಮುವೇಲಪ್ಪ. ಅವನ ಹೆಂಡತಿ ರೂತಮ್ಮ,
ಲಿಫ್ಟೊಂದು ಬಿಟ್ಟು ಯಾವುದಕ್ಕೂ ಹೆದರದವಳು.
ದರ್ಜಿ ಜಹೀರುದ್ದೀನ್.
ಸರಕಾರಿ ಲ್ಯಾಬಿನಲ್ಲಿ ಊರಿನ ಅರ್ಧ ರಕ್ತ ಎಳೆದು
ರಿಟೈರಾದ ನಾನು.

ಸರೋವರ ಇರುವುದು ಹನ್ನೆರಡೂವರೆ ಸಾವಿರ ಅಡಿ ಮೇಲೆ.
ನಮ್ಮ ಪಾಲಿಗೆ ಇರುವುದು ಕೋಟೆ ಗುಡ್ಡ.
ನಸುಕಿನ ಐದಕ್ಕೆ, ಬೆನ್ನಿಗೆ ಐದೈದು ಕಿಲೋ ಜೋಳದ ಹಿಟ್ಟು,
ಹೊಸ ಬೂಟು ಹಳೆಯದಾಗಲೆಂದು ದಿನಾ ಹತ್ತಿದೆವು.
ಎರಡನೇ ಬಾಗಿಲ ಬಳಿ ಕೂತು ಭಾಗೀರಥಿಬಾಯಿ ಏದುಸಿರಲ್ಲೇ ಕೇಳಿದರು:
‘ಗುಡ್ಡ ಹತ್ತೂದು ಕಲೀಬಹುದು,
ಗಾಳಿ ಇಲ್ಲದ್ದು ಹ್ಯಾಂಗ ಕಲಿಯೋದು?’
ಸಮುವೇಲಪ್ಪ ಮಾತ್ರೆಯ ಹೆಸರು ಹೇಳಿದ.
ಹಿಟ್ಟು ಬೆವರಿಗೆ ಗಂಟುಗಟ್ಟಿತ್ತು;
ಆ ವಾರವಿಡೀ ರೊಟ್ಟಿ ಹರಿದೇ ಬಂದವು.

ಜಹೀರುದ್ದೀನ್ ನಮ್ಮೆಲ್ಲರಿಗೂ ಒಳಜೇಬು ಹೊಲಿದ.
ಪಾಸ್‌ಪೋರ್ಟಿಗೊಂದು, ಡಾಲರಿಗೊಂದು,
ಹಿಂದಿನಿಂದ ಕೈ ಹಾಕಿದರೆ ಸಿಗದಂತೆ ಜಿಪ್ಪು ಉಲ್ಟಾ.
ತನ್ನ ಪ್ಯಾಂಟಿಗೆ ಮೂರನೆಯದೂ ಒಂದು.
ಯಾತಕ್ಕೆಂದರೆ, ‘ಇರಲಿ ಬಿಡ್ರಿ.’

ಹಳದಿ ಜ್ವರದ ಸೂಜಿಗೆ ಹೈದರಾಬಾದಿಗೆ ರೈಲು.
ಆ ಹಳದಿ ಕಾರ್ಡಿಲ್ಲದಿದ್ದರೆ
ಮರಳಿ ಬಂದವರನ್ನು ಆರು ದಿನ ಕೂಡಿಹಾಕುತ್ತಾರೆ.
ಸಾಲಿನಲ್ಲಿ ನಿಂತು ಫಾರ್ಮು ತುಂಬಿದೆವು.
ತತ್ತಿ ತಿಂದರೆ ಏನಾದರೂ ಆಗುತ್ತದೆಯೇ?
ಆಗುತ್ತದೆ ಎಂದ ಜಹೀರುದ್ದೀನ್, ಸುಳ್ಳು ಬರದ ಮನುಷ್ಯ:
ಮೈತುಂಬ ದದ್ದು, ಒಮ್ಮೆ ಉಸಿರೇ ಕಟ್ಟಿತ್ತು.
ಡಾಕ್ಟರು ಪೆನ್ನಿನ ಕ್ಯಾಪು ಹಾಕಿದರು.
ಲ್ಯಾಬಿನಲ್ಲಿ ನಾನೂ ಹಾಗೇ ಹಾಕುತ್ತಿದ್ದೆ,
ರಿಪೋರ್ಟು ಕೈಗೆ ಕೊಡುವ ಮೊದಲು.

ತಾಂಡೂರಿನ ತನಕ ಯಾರೂ ಮಾತಾಡಲಿಲ್ಲ.
ರೂತಮ್ಮ ಬಿಡಿಸಿಟ್ಟ ಕಿತ್ತಳೆ ಹಾಗೇ ಒಣಗಿತು.
ಸೇಡಂ ದಾಟುತ್ತಿದ್ದಂತೆ ಅವನು ಟೇಪು ತೆಗೆದು
ನನ್ನ ಭುಜ ಅಳೆದ.
‘ಸ್ವೆಟರಿಗೆ ಒಳಗಿಂದ ಅಸ್ತರ್ ಹಚ್ಚಿಕೊಡ್ತೀನ್ರಿ.
ನಾಲ್ಕು ಡಿಗ್ರಿ ಅಂದ್ರ ಹುಡುಗಾಟ ಅಲ್ಲ.’

ಹೊರಡುವ ಹಿಂದಿನ ದಿನ ಗಂಜಿನಲ್ಲಿ,
ತೊಗರಿ ತೂಗುವ ಕಾಟಾದ ಮೇಲೆ ನಮ್ಮ ಬ್ಯಾಗುಗಳು.
ಹಮಾಲಿ ದೇವಿಂದ್ರಪ್ಪ ಕಣ್ಣು ಕಿರಿದು ಮಾಡಿ ಓದಿದ:
ನನ್ನದು ಮೂರು ಕಿಲೋ ಹೆಚ್ಚು.
‘ಕೆರಿ ನೋಡ್ಲಕ್ಕ ಇಷ್ಟು ವಜನ್ ಯಾಕ್ರಿ?’
ಶೇಂಗಾ ಹಿಂಡಿಯ ಡಬ್ಬಿ ತೆಗೆದೆ. ಖಡಕ್ ರೊಟ್ಟಿಯ ಗಂಟು ತೆಗೆದೆ.
ಬಿಪಿ ಮಷೀನು ತೆಗೆದೆ, ಸಮುವೇಲಪ್ಪ ಮತ್ತೆ ಹಾಕಿದ.
ಎರಡನೇ ಜೋಡಿ ಬೂಟು ತೆಗೆದೆ.
ಅಸ್ತರ್ ಹಚ್ಚಿದ ಸ್ವೆಟರಿಗೆ ಯಾರೂ ಕೈ ಹಚ್ಚಲಿಲ್ಲ.

ತೆಗೆದದ್ದೆಲ್ಲ ಜಹೀರುದ್ದೀನ್ ಚೀಲಕ್ಕೆ ತುಂಬಿಕೊಂಡ.
‘ರೊಟ್ಟಿ ನಾ ತಿಂತೀನಿ, ಸಣ್ಣ ಕೆರಿ ದಂಡಿಗೆ ಕೂತು.
ನಮ್ಮಲ್ಲೂ ಆಪು ಬೆಳೀತದ, ಆದ್ರ ಚಾಪಿ ಬಿಟ್ಟು ಏನೂ ಮಾಡಂಗಿಲ್ಲ.
ಅಲ್ಲಿ ಹುಲ್ಲಿಂದೇ ದೋಣಿ ಹೊಲೀತಾರಂತ.
ಗಂಟೇನು, ಟಾಕೇನು, ದಾರ ಯಾವುದು, ನೋಡಿ ಬರ್ರಿ.
ಫೋಟೋ ಬ್ಯಾಡ.
ಫೋಟೋದಾಗ ಟಾಕಿನ ಹಿಂಬದಿ ಕಾಣಂಗಿಲ್ಲ.’

ಮೂರನೇ ಜೇಬಿನಿಂದ ನೀಲಿ ದಾರದ ಉಂಡೆ ತೆಗೆದು ಕೊಟ್ಟ.
ದೇವಿಂದ್ರಪ್ಪ ಅದನ್ನೂ ಕಾಟಾದ ಮೇಲಿಟ್ಟು ನೋಡಿದ.
ಮುಳ್ಳು ಅಲುಗಲಿಲ್ಲ.
ನನ್ನ ಪಟ್ಟಿಯಲ್ಲಿ, ನೀರು ಶುದ್ಧಿಯ ಮಾತ್ರೆಯ ಕೆಳಗೆ
ಬರೆದುಕೊಂಡೆ: ಹಿಂಬದಿ.