ಸಾಣಿಕಲ್ಲು

ಅತ್ತಿ, ಆ ಸಾಣಿಕಲ್ಲು ಒಳಗಿಡು.
ಇಷ್ಟಽ ಅಂದೆ. ಉಳಿದದ್ದು ಬಾಯೊಳಗ.

ಬಜಿ, ಜಾಜಿಕಾಯಿ, ಅಳಲೆಕಾಯಿ, ಒಣ ಉತ್ತತ್ತಿ,
ಒಂದೊಂದಕ್ಕ ನಾಕ ನಾಕ ಸುತ್ತು ಅಂತ ಎಣಸಾಕಿ ನೀನು.
ಈ ಮನಿಯ ಮೂರು ಪೀಳಿಗಿ
ಆ ಕಲ್ಲಿನ ತಗ್ಗಿನಾಗಽ ರುಚಿ ಕಲತಾವು.
ಗೊತ್ತೈತಿ ನನಗ.

ಸೊಲ್ಲಾಪುರದ ದವಾಖಾನಿ, ಮೂಲಿ ಖೋಲಿ.
ವೈಜಯಂತಾ ಮೇಡಮ್ ಬಾಗಲಾ ಮುಂದ ಮಾಡಿದ್ರು.
ಎಚ್‌ಐವಿ ಅನ್ನೂ ಮಾತು ಅವರೂ ಸಣ್ಣ ದನೀಲೆನ ಅಂದ್ರು.
ಆಮ್ಯಾಲೆ ದೊಡ್ಡ ದನೀಲೆ:
"ಮೈಯಾನ ಹಾಲೋ, ಡಬ್ಬಿದೋ?
ಎರಡರಾಗ ಒಂದು ಆರಿಸ್ಕೋ.
ಎರಡೂ ಕೂಡಿಸಿದರ ಕೇಡು."
ಆರಿಸ್ಕೋ ಅಂತ ನನ್ನ ಯಾರೂ ಅಂದಿರಲಿಲ್ಲ.
ಸೀರಿ ಬಣ್ಣ ಸೈತ. ಗಂಡನ್ನ ಸೈತ.
ಅವನ ಬೆನ್ನಿಗೆ ಬಂದದ್ದನ್ನ ಸೈತ.

ಮೈಂದರ್ಗಿ ಬಸ್ಸಿನಾಗ ಡಬ್ಬಿ ಲೆಕ್ಕ ಹಾಕಿದೆ.
ನಮ್ಮ ಓಣಿಗೆ ನೀರು ಐದ ದಿನಕ್ಕೊಮ್ಮೆ,
ಮುಗದ ಗ್ಯಾಸು ಇನ್ನೂ ಬಂದಿಲ್ಲ,
ಬಾಟಲಿ ಕುದಿಸಬೇಕು, ರಾತ್ರಿ ಎರಡಕ್ಕ, ಮತ್ತ ನಾಕಕ್ಕ.
ಖಾಲಿ ಡಬ್ಬಿ ತಿಪ್ಪ್ಯಾಗ ಬಿದ್ದು ಬಿಸಲಿಗೆ ಮಿಂಚಿ
ಓಣಿಗೆಲ್ಲಾ ಓದಿ ಹೇಳತೈತಿ:
ಈಕಿ ಎದ್ಯಾಗ ಹಾಲೈತಿ, ಯಾಕ ಕೊಡವಲ್ಲಳು?

ಮೈಯಾನದಽ ಅಂದೆ.
"ಗುಳಿಗಿ ಒಂದ ರಾತ್ರಿನೂ ತಪ್ಪಬಾರದು."
ತಪ್ಪಿಲ್ಲ.
ಒಂಬತ್ತಕ್ಕ ಫೋನು ಕೋಳಿ ಕೂಗಿದಂಗ ಕೂಗತೈತಿ,
ಕತ್ತಲಾಗಿಂದ ಎಂಥಾ ಕೋಳಿ ಅಂತ ನಗತಿ ನೀ.
ರಗತ ಕಡಿಮಿ ಗುಳಿಗಿ ಅಂತ ಹೇಳೀನಿ.
ರಗತದ್ದಂತೂ ಹೌದು.

ಕೂಸಿಗೆ ಅಳತಿ ಔಷಧ, ಮತ್ತ ಹಾಲು. ಇಷ್ಟಽ.
ಐದನೇ ದಿನ ಸಟವಿ ಪೂಜಿ ಮಾಡಿ
ನೀ ಬೆರಳು ಚಾಚಿದಿ, ಜೇನು ತೊಟ್ಟಿಕ್ಕತಿತ್ತು.
ನಾ ಸೆರಗು ಮುಚ್ಚಿದೆ.
ಆ ಜೇನು ನೀನಽ ನೆಕ್ಕಿಕೊಂಡಿ, ಗ್ವಾಡಿ ಕಡೆ ತಿರುಗಿ.

ಮೊಲಿ ಒಡದ ವಾರ, ಎಡಗಡೆದ್ದು
ಹಿಂಡಿ ಬಟ್ಟಲದಾಗ ತಗದು
ನಸಿಕಿನ್ಯಾಗ ಬೇವಿನ ಬುಡಕ್ಕ ಚೆಲ್ಲಿದೆ.
ಇರಬಿ ಬಂದವು.
ಅವಕ್ಕೇನೂ ಆಗಲಿಲ್ಲ.
ನಿಂತು ನೋಡಿದೆ, ಭಾಳ ಹೊತ್ತು.

ಆರನೇ ವಾರ ಹಿಮ್ಮಡ ಚುಚ್ಚಿ
ಕಾಗದದ ಮ್ಯಾಲೆ ಕುಂಕುಮದಂಗ ಬೊಟ್ಟು ಇಟ್ಟಕೊಂಡ್ರು.
ಕಾಗದ ಯಾವೂರಿಗೋ ಹೋಗೇತಿ. ಇನ್ನೂ ಬಂದಿಲ್ಲ.

ಇವತ್ತು ನೋಡಿದೆ:
ಸಾಣಿಕಲ್ಲು ಮಾಡದಾಗ ಬೋರಲ ಮಲಗೇತಿ,
ಮ್ಯಾಲೆ ನಿನ್ನ ಎಲಿ ಅಡಕಿ ಚೀಲ.
ಯಾಕ ಅಂತ ನೀ ಕೇಳಲಿಲ್ಲ.
ಎಷ್ಟು ಗೊತ್ತೈತಿ ನಿನಗ ಅಂತ
ನಾನೂ ಕೇಳಲಿಲ್ಲ.
ಕೂಸು ಬಲಗಡೆದ್ದು ಮುಗಿಸಿ
ಎಡಗಡೆ ಹುಡುಕಾಕತ್ತೈತಿ.