ಲಾಭ, ಎರಡು, ಮೂರು

ನಮ್ಮ ದಾವಲ್
ಒಂದರಿಂದ ನೂರರ ತನಕ ಒಂದ ಉಸುರಿನ್ಯಾಗ ಹೇಳತಾನ,
ನಡುವ ಅರವತ್ತಕ್ಕ
ಮೂಗ ಒರಸಿಕೊಳ್ಳಾಕ ಅಷ್ಟ ನಿಲ್ಲತಾನ.
ನಾಕ ಹುಣಸಿಬೀಜ ಕೊಡೋ ಅಂದ್ರ
ಮುಷ್ಟಿ ತುಂಬ ತಂದು ಸುರವತಾನ:
'ತಗೋರಿ ಟೀಚರ್, ಭಾಳ ನಾಕು.'

ಎಣಿಕಿ ಬಾಯಾಗ ಇರತೈತಿ ಅಂತ ನಾನೂ ತಿಳಿದಿದ್ದೆ.
ತಾಳಿಕೋಟಿಯ ಈ ಅಂಗನವಾಡಿಯೊಳಗ ಹನ್ನೊಂದು ವರ್ಷ
ಕೋಲ ಹಿಡಿದು, ಗ್ವಾಡಿ ಮ್ಯಾಲಿನ ಅಂಕಿ ಕುಟ್ಟಿ
ಕೂಗಿಸಿದ್ದ ಕೂಗಿಸಿದ್ದು.
ಎಂಟರ ಬಣ್ಣ ಕುಟ್ಟಿ ಕುಟ್ಟಿ ಉದುರಿ
ಮೂರ ಆಗೇತಿ.

'ಏಳು' ಅಂತೀನಿ.
ಹದಿನೇಳೂ ಮಕ್ಕಳು ಎದ್ದು ನಿಲ್ಲತಾವ.
ಕೂಡ್ರಿ ಅಂದ್ರ ಕೂಡತಾವ.
ಏಳರ ಮುಂದ ಎಂಟೈತ್ರೆಪಾ ಅಂದ್ರ
ಮತ್ತ ಏಳತಾವ.

ಅದರಾಗ ಭೌರವ್ವ ಒಬ್ಬಾಕಿ ಏಳೂದಿಲ್ಲ.
ಮೂಲ್ಯಾಗ ಕುಂತು ಗಿಡ್ಡ ಬೆರಳಿಲೆ
ಬೀಜ ಒಂದೊಂದ ಸರಿಸಿ, ಸಣ್ಣ ದನೀಲೆ
'ಲಾಭ, ಎರಡ, ಮೂರ, ನಾಕ' ಅಂತಾಳ.
ಆರ ಆದಮ್ಯಾಲ 'ಮತ್ತೊಂದು.'
ಆಮ್ಯಾಲ ಎಂಟು.

ಆಕಿ ಮುತ್ಯಾ ಅಡತಿ ಅಂಗಡ್ಯಾಗ ಕಾಳ ಅಳೀತಿದ್ದ.
ಈಗ ಕಾಂಟಾದ ಮ್ಯಾಲ ಕೆಂಪ ಅಂಕಿ ತಾವ ಬಂದು ಕೂಡತಾವ,
ಮುತ್ಯಾನ ಸೇರು ಮನ್ಯಾಗ ಐತಿ,
ಅದಕ್ಕ ಮೊಮ್ಮಗಳ ಒಬ್ಬಾಕಿ ಗಿರಾಕಿ.
'ಮೊದಲನೇದಕ್ಕ ಒಂದ ಅನಬಾರದ್ರೀ,
ಒಂದ ಅಂದ್ರ ರಾಶಿ ಸಣ್ಣದಾಕ್ಕತಿ.
ಏಳು ಅಂದ್ರ ಲಕ್ಷ್ಮಿ ಎದ್ದ ಹೊಕ್ಕಾಳ್ರೀ.'

ಬಣ್ಣದ ಪುಸ್ತಕದಾಗ ಲಾಭ ಅಂತ ಅಂಕಿ ಇಲ್ಲ.
ತಿದ್ದಿದೆ. ಎರಡು ದಿನ ತಿದ್ದಿದೆ.
ಒಂದು ಅನ್ನು.
ತುಟಿ ಬಿಗಿ ಹಿಡಿದು
ಎರಡರಿಂದ ಸುರು ಮಾಡಿದಳು.
ಆದ್ರೂ ನಾಕ ಬೀಜ ಕೇಳಿದಾಗ
ನನ್ನ ಅಂಗೈಯಾಗ ಬಿದ್ದದ್ದು ನಾಕ,
ಬೆವತ ಬೀಜ, ಬಿಸಿ ಬೀಜ, ನಾಕ.
ದಾವಲ್ ನೋಡಿದ. ತನ್ನ ಮುಷ್ಟಿ ನೋಡಿಕೊಂಡ.
ಮೊದಲನೇ ಸರ್ತಿ ಒಂದಿಷ್ಟು ವಾಪಸ್ ಹಾಕಿದ.

ಮಂಗಳವಾರ ತತ್ತಿ ಬರಲಿಲ್ಲ.
ಗಾಡಿ ಎಲ್ಲೆ ಕೆಟ್ಟಿತ್ತೋ, ಫೋನು ಎತ್ತಲಿಲ್ಲ.
ಖಾಜಾಬಿ ಹಳೇ ಟ್ರೇ ತಂದು ನಡುವ ಇಟ್ಟಳು,
ಸಿಟ್ಟಿಗೋ, ಚ್ಯಾಷ್ಟಿಗೋ.
ಟ್ರೇ ತುಂಬ ಕುಣಿ. ಮಕ್ಕಳು ಬೆರಳಿಟ್ಟು
ಕುಣಿಯೊಳಗ ಹುಡುಕಿದವು.
'ಎಷ್ಟ ತತ್ತಿ ಅದಾವ?' ಕೇಳಿದೆ.
ಸೊನ್ನಿ ಹೇಳಿಕೊಡಬೇಕು ಅಂತಿದ್ದೆ ಬಾಳ ದಿನದಿಂದ,
ಇಲ್ಲದ್ದನ್ನ ಹೆಂಗ ತೋರಸಲಿ,
ತಿಳಿದಿರಲಿಲ್ಲ.
'ನೂರು!' ಅಂದ ದಾವಲ್.
'ಖಾಲಿ' ಅಂತು ಒಂದು.
'ನಮ್ಮನ್ಯಾಗ ಕೋಳಿ ಐತಿ' ಅಂತು ಮತ್ತೊಂದು.

ಭೌರವ್ವ ಟ್ರೇದ ಸುತ್ತ ಒಂದ ಸುತ್ತ ಹಾಕಿ ಬಂದಳು.
'ಟೀಚರ್,
ಇನ್ನಾ ಲಾಭ ಬಂದಿಲ್ರೀ.'

ಸೀಮೆಸುಣ್ಣ ಕೈಯಾಗ ಹಂಗ ಉಳೀತು.
ಆಮ್ಯಾಲ ಹಲಗಿ ಮ್ಯಾಲ ಒಂದ ದುಂಡಂದು ಬರದೆ,
ಒಳಗ ಏನೂ ಇಡಲಿಲ್ಲ.
'ಇದು ಏನಂದ್ರ,' ಅಂದೆ,
'ಲಾಭ ಬರೋಕಿಂತ ಮೊದಲು.'
ಭೌರವ್ವ ತಲಿ ಅಲ್ಲಾಡಿಸಿದಳು,
ಸೇರು ಸಮ ಆತು ಅಂತ
ಅಡತಿಯವರು ಅಲ್ಲಾಡಿಸೂ ಹಂಗ.

ತಿಂಗಳ ವರದಿಯೊಳಗ ಬರದೆ:
ಸೊನ್ನೆಯ ಪರಿಕಲ್ಪನೆ, ಮುಗಿದಿದೆ.
ಯಾರ ಹೇಳಿಕೊಟ್ಟರು ಅನ್ನೋದಕ್ಕ
ಆ ಕಾಗದದಾಗ ಜಾಗ ಇರಲಿಲ್ಲ.

ಮಧ್ಯಾಹ್ನ ಬಿಡೂ ಹೊತ್ತಿಗೆ
ಬಾಗಲದಾಗ ನಿಂತು ತಲಿ ಮುಟ್ಟಿ ಎಣಸತೀನಿ,
ಎಣ್ಣಿ ತಲಿ, ಧೂಳ ತಲಿ, ನಿನ್ನೆ ಬೋಳಿಸಿದ ತಲಿ.
ಲಾಭ, ಎರಡು, ಮೂರು.
ಬಾಯಿ ತಾನಾ ಅಂತೈತಿ, ಈಗ ತಿದ್ದಾಕ ಹೋಗೂದಿಲ್ಲ.
ಆರು, ಮತ್ತೊಂದು...
ಇವತ್ತ ಹದಿನೆಂಟು ಬಂತು.
ಇರೋವು ಹದಿನೇಳು.
ಮತ್ತ ಎಣಸಿದೆ. ಮತ್ತೂ ಹದಿನೆಂಟು.

ನೋಡಿದ್ರ ದಾವಲ್,
ಒಮ್ಮೆ ತಲಿ ಮುಟ್ಟಿಸಿಕೊಂಡು
ಎಲ್ಲಾರ ಹಿಂದ ಓಡಿ
ಮತ್ತ ಪಾಳಿಯೊಳಗ ನಿಂತಾನ,
ಕಣ್ಣು ಮುಚ್ಚಿ,
ತಲಿ ಮುಂದ ಮಾಡಿ.